ಎರಡೂ ಪೆಡಲ್ ಒಟ್ಟಿಗೆ ತುಳಿದರೆ ಕಾರು ಯಾಕೆ ಸುಮ್ಮನಾಗುತ್ತದೆ?

ಪ್ರಶ್ನೆ: ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ರೇಸಿಂಗ್ ಸ್ಟೇರಿಂಗ್, ಜೊತೆಗೆ ಮೂರು ಪೆಡಲ್‌ಗಳ ಸೆಟ್ ತಗೊಂಡಿದ್ದೇನೆ. ಆಕ್ಸಿಲರೇಟರ್ ಒತ್ತಿಕೊಂಡೇ ಬ್ರೇಕ್ ತುಳಿದರೆ ಎರಡೂ ಕೆಲಸ ಮಾಡುವುದಿಲ್ಲ, ಕಾರು ನ್ಯೂಟ್ರಲ್‌ನಲ್ಲಿ ಬಿಟ್ಟ ಹಾಗೆ ಹೋಗುತ್ತಿರುತ್ತದೆ. ಗೇಮ್ ಶುರುವಾದ ಕೂಡಲೇ ನಾನು ಕಾಲು ಇಡದಿದ್ದರೂ ಎಂಜಿನ್ ಕಿರುಚುತ್ತದೆ, ಒಂದು ಸಲ ಪೆಡಲ್ ತುಳಿದು ಬಿಟ್ಟರೆ ಸರಿಹೋಗುತ್ತದೆ. ಲಿನಕ್ಸ್‌ನಲ್ಲಿ ನೋಡಿದರೆ ಕಾಲು ತೆಗೆದಾಗ 255, ಪೂರ್ತಿ ತುಳಿದಾಗ 0 ಅಂತ ಉಲ್ಟಾ ತೋರಿಸುತ್ತದೆ. ಕೆಲವು ಹಳೇ ಗೇಮ್‌ಗಳಲ್ಲಿ ಪೆಡಲ್ ಅರ್ಧಕ್ಕೆ ಬಂದಾಗ ಸ್ವಲ್ಪ ದೂರ ಏನೂ ಬದಲಾಗುವುದಿಲ್ಲ. ಡ್ರೈವರ್ (ಸ್ಟೇರಿಂಗನ್ನು ಕಂಪ್ಯೂಟರ್‌ಗೆ ಓದಿಕೊಡುವ ಸಾಫ್ಟ್‌ವೇರ್) ಸರಿಯಿಲ್ಲವೇ, ಪೆಡಲ್ ಹೋಗಿದೆಯೇ? ಲೋಡ್ ಸೆಲ್ (ತುಳಿದ ಬಲ ಅಳೆಯುವ ಸೆನ್ಸರ್) ಇರುವ ಹೊಸ ಪೆಡಲ್ ತಗೊಳ್ಳಬೇಕಾ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ಸದ್ಯಕ್ಕೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. ನೀವು ಬರೆದ ನಾಲ್ಕು ತೊಂದರೆಗಳಲ್ಲಿ ಒಂದೂ ಕೆಟ್ಟ ಪೆಡಲ್‌ನ ಲಕ್ಷಣವಲ್ಲ. ನಾಲ್ಕರ ಬೇರೂ ಒಂದೇ ಕಡೆ ಇದೆ. ಕಂಪ್ಯೂಟರ್‌ನಲ್ಲಿ ಗೇಮ್ ಕಂಟ್ರೋಲರ್‌ಗೆ ಅಂತ ಇರುವ ಏರ್ಪಾಡೆಲ್ಲ ಜಾಯ್‌ಸ್ಟಿಕ್‌ಗಾಗಿ ಹುಟ್ಟಿದ್ದು. ಜಾಯ್‌ಸ್ಟಿಕ್ ಕೈಬಿಟ್ಟರೆ ನಡುವಿಗೆ ಬಂದು ನಿಲ್ಲುತ್ತದೆ. ಪೆಡಲ್ ಹಾಗಲ್ಲ, ಕಾಲು ತೆಗೆದರೆ ಒಂದು ತುದಿಗೆ ಹೋಗಿ ನಿಲ್ಲುತ್ತದೆ. ವ್ಯತ್ಯಾಸ ಇಷ್ಟೇ, ಆದರೆ ಸೆನ್ಸರ್‌ನಿಂದ ಗೇಮ್‌ವರೆಗೆ ಹೋಗುವ ದಾರಿಯಲ್ಲಿ ಇದು ಮತ್ತೆ ಮತ್ತೆ ಅಡ್ಡ ಬರುತ್ತದೆ. ಆ ದಾರಿಯನ್ನು ಒಂದು ಸಲ ನೋಡಿಬಿಟ್ಟರೆ ಮುಂದೆ ಯಾವ ಸ್ಟೇರಿಂಗ್ ತಂದರೂ ನೀವೇ ಸರಿಮಾಡಿಕೊಳ್ಳಬಹುದು, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಪೆಡಲ್ ಒಳಗಿನಿಂದ ಶುರು ಮಾಡೋಣ. ಸಾಮಾನ್ಯ ಸೆಟ್‌ಗಳಲ್ಲಿ ಪ್ರತಿ ಪೆಡಲ್‌ಗೂ ಒಂದು ಪೊಟೆನ್ಶಿಯೋಮೀಟರ್ ಇರುತ್ತದೆ. ಹಳೇ ರೇಡಿಯೋದಲ್ಲಿ ವಾಲ್ಯೂಮ್ ತಿರುಗಿಸುವ ಗುಂಡಿಯ ಹಿಂದೆ ಇರುತ್ತಿತ್ತಲ್ಲ, ಅದೇ ಸಾಮಾನು. ಪೆಡಲ್ ತುಳಿದಾಗ ಸಣ್ಣ ಹಲ್ಲುಚಕ್ರವೊಂದು ಅದನ್ನು ತಿರುಗಿಸುತ್ತದೆ, ನಡುವಿನ ತಂತಿಯಲ್ಲಿ ವೋಲ್ಟೇಜ್ ಏರುತ್ತದೆ ಅಥವಾ ಇಳಿಯುತ್ತದೆ. ಲಾಜಿಟೆಕ್‌ನ ಜಿ25, ಜಿ27, ಜಿ29 ಸೆಟ್‌ಗಳಲ್ಲಿ ಈ ವೋಲ್ಟೇಜ್ ಒಂಬತ್ತು ಪಿನ್ನಿನ ಕೇಬಲ್‌ನಲ್ಲಿ ಸ್ಟೇರಿಂಗ್‌ನ ಡಬ್ಬಿಗೆ ಹೋಗುತ್ತದೆ. ಥ್ರಸ್ಟ್‌ಮಾಸ್ಟರ್‌ನ ಎಷ್ಟೋ ಸೆಟ್‌ಗಳಲ್ಲಿ ಟೆಲಿಫೋನ್ ಪಿನ್ ತರಹದ ಕೇಬಲ್ ಇರುತ್ತದೆ. ಆ ಡಬ್ಬಿಯೊಳಗಿನ ಚಿಪ್ ವೋಲ್ಟೇಜನ್ನು ನಂಬರ್ ಮಾಡುತ್ತದೆ, ಸ್ಟೇರಿಂಗ್ ಎಷ್ಟು ತಿರುಗಿದೆ ಅನ್ನುವ ನಂಬರ್, ಯಾವ ಬಟನ್ ಒತ್ತಿದೆ ಅನ್ನುವ ಬಿಟ್‌ಗಳು, ಮೂರು ಪೆಡಲ್‌ಗಳ ನಂಬರ್, ಎಲ್ಲವನ್ನೂ ಒಂದೇ ಪುಟ್ಟ ಪ್ಯಾಕೆಟ್‌ಗೆ ತುಂಬಿ ಯುಎಸ್‌ಬಿಯಲ್ಲಿ ಕಳಿಸುತ್ತದೆ. ಇದಕ್ಕೆ ರಿಪೋರ್ಟ್ ಅಂತ ಹೆಸರು. ಜಿ29ರ ರಿಪೋರ್ಟ್‌ನಲ್ಲಿ ಸ್ಟೇರಿಂಗ್‌ಗೆ 16 ಬಿಟ್ ಜಾಗ, ಅಂದರೆ 0ರಿಂದ 65535. ಒಂದೊಂದು ಪೆಡಲ್‌ಗೆ 8 ಬಿಟ್, ಅಂದರೆ 0ರಿಂದ 255. ನೀವು ಕಂಡ 255 ಬಂದಿದ್ದು ಇಂಥದೇ ಜಾಗದಿಂದ.

ಈ ಪ್ಯಾಕೆಟ್‌ನಲ್ಲಿ ಎಲ್ಲಿ ಏನಿದೆ ಅಂತ ಕಂಪ್ಯೂಟರ್‌ಗೆ ಹೇಗೆ ಗೊತ್ತಾಗಬೇಕು? ಸ್ಟೇರಿಂಗ್ ಸಿಕ್ಕಿಸಿದ ಕೂಡಲೇ ಅದು ತನ್ನ ಬಗ್ಗೆ ಒಂದು ವಿವರಣೆ ಕೊಡುತ್ತದೆ, ಅದಕ್ಕೆ ರಿಪೋರ್ಟ್ ಡಿಸ್ಕ್ರಿಪ್ಟರ್ ಅನ್ನುತ್ತಾರೆ. ಮೌಸ್, ಕೀಬೋರ್ಡ್, ಜಾಯ್‌ಸ್ಟಿಕ್ ಎಲ್ಲಕ್ಕೂ ಸೇರುವ ಎಚ್‌ಐಡಿ ಅನ್ನುವ ನಿಯಮದ ಪ್ರಕಾರ ಬರೆದ ಬೈಟ್‌ಗಳು ಅವು. ಮೊದಲ ಇಷ್ಟು ಬಿಟ್ ಎಕ್ಸ್ ಆಕ್ಸಿಸ್ (ಆಕ್ಸಿಸ್ ಅಂದರೆ ಒಂದು ಚಲನೆಯನ್ನು ಹೇಳುವ ಒಂದು ನಂಬರ್), ಕನಿಷ್ಠ ಇಷ್ಟು, ಗರಿಷ್ಠ ಇಷ್ಟು, ಆಮೇಲಿನ ಎಂಟು ಬಿಟ್ ಝಡ್ ಆಕ್ಸಿಸ್, ಹೀಗೆ. ಡ್ರೈವರ್ ಇದನ್ನು ಓದಿಕೊಂಡು, ಬರುವ ಪ್ರತಿ ಪ್ಯಾಕೆಟ್ಟನ್ನೂ ಅದೇ ಅಳತೆಗೆ ಕತ್ತರಿಸಿ, ಆಯಾ ಹೆಸರಿನ ಕೆಳಗೆ ನಂಬರ್ ಇಡುತ್ತದೆ.

ಗೊಂದಲ ಶುರುವಾಗುವುದೇ ಈ ಹೆಸರಿನಲ್ಲಿ. ಎಚ್‌ಐಡಿ ನಿಯಮದಲ್ಲಿ ಪೆಡಲ್‌ಗೆ ಸರಿಯಾದ ಹೆಸರು ಇಲ್ಲದೆ ಏನಿಲ್ಲ. ಸಿಮ್ಯುಲೇಶನ್ ಕಂಟ್ರೋಲ್ಸ್ ಅನ್ನುವ ಪುಟದಲ್ಲಿ ಆಕ್ಸಿಲರೇಟರ್‌ಗೆ ಸಿ4, ಬ್ರೇಕ್‌ಗೆ ಸಿ5, ಕ್ಲಚ್‌ಗೆ ಸಿ6, ಸ್ಟೇರಿಂಗ್‌ಗೆ ಸಿ8 ಅಂತ ಹೆಕ್ಸ್ ಸಂಖ್ಯೆಗಳಿವೆ. ಆದರೆ ಎಷ್ಟೋ ಸ್ಟೇರಿಂಗ್‌ಗಳು ಈ ಹೆಸರುಗಳನ್ನು ಬಳಸುವುದೇ ಇಲ್ಲ. ಜಾಯ್‌ಸ್ಟಿಕ್‌ನ ಎಕ್ಸ್, ವೈ, ಝಡ್, ಆರ್‌ಝಡ್ ಹೆಸರುಗಳನ್ನೇ ಹಾಕಿಕೊಂಡು ಬರುತ್ತವೆ. ಜಿ29ರಲ್ಲಿ ಆಕ್ಸಿಲರೇಟರ್ ಝಡ್, ಬ್ರೇಕ್ ಆರ್‌ಝಡ್, ಕ್ಲಚ್ ವೈ. ಲಿನಕ್ಸ್ ತನ್ನ ಪಟ್ಟಿಯಲ್ಲಿ ಗ್ಯಾಸ್‌ಗೆ (ಅಂದರೆ ಆಕ್ಸಿಲರೇಟರ್‌ಗೆ) ಒಂದು, ಬ್ರೇಕ್‌ಗೆ ಒಂದು ಹೆಸರು ಇಟ್ಟಿದೆ, ಕ್ಲಚ್‌ಗೆ ಪ್ರತ್ಯೇಕ ಹೆಸರೇ ಇಲ್ಲ. ವಿಂಡೋಸ್‌ನಲ್ಲಿ ಗೇಮ್‌ಗಳು ಕಂಟ್ರೋಲರ್ ಓದುವ ಹಳೇ ಏರ್ಪಾಡಾದ ಡೈರೆಕ್ಟ್‌ಇನ್‌ಪುಟ್‌ನಲ್ಲೂ ಇದೇ ಕಥೆ. ಎಕ್ಸ್, ವೈ, ಝಡ್, ಅವುಗಳ ಸುತ್ತ ತಿರುಗುವ ಮೂರು, ಜೊತೆಗೆ ಎರಡು ಸ್ಲೈಡರ್, ಒಟ್ಟು ಎಂಟು ಆಕ್ಸಿಸ್. ಇದು ಬ್ರೇಕ್ ಅಂತ ಬರೆದಿಡುವ ಜಾಗ ಅಲ್ಲಿಲ್ಲ. ಹಾಗಾದರೆ ಗೇಮ್‌ಗೆ ಯಾವುದು ಬ್ರೇಕ್ ಅಂತ ತಿಳಿಯುವುದು ಹೇಗೆ? ಎರಡೇ ದಾರಿ. ಒಂದೋ ಸ್ಟೇರಿಂಗ್‌ನ ಯುಎಸ್‌ಬಿ ನಂಬರ್ (ಯಾವ ಮಾದರಿ ಅಂತ ಗುರುತಿಸುವ ಸಂಖ್ಯೆ) ನೋಡಿ, ಗೇಮ್ ಮಾಡಿದವರು ಮೊದಲೇ ಸೇರಿಸಿಟ್ಟ ಪಟ್ಟಿಯಿಂದ ಹೊಂದಿಸುತ್ತದೆ. ಇಲ್ಲವೇ 'ಈಗ ಬ್ರೇಕ್ ತುಳಿಯಿರಿ' ಅಂತ ನಿಮ್ಮನ್ನೇ ಕೇಳಿ, ಆಗ ಯಾವ ನಂಬರ್ ಅಲುಗಾಡಿತು ಅಂತ ನೋಡಿಕೊಳ್ಳುತ್ತದೆ. ಹೆಸರಾಂತ ಸ್ಟೇರಿಂಗ್‌ಗಳು ಸಿಕ್ಕಿಸಿದ ಕೂಡಲೇ ಕೆಲಸ ಮಾಡುವುದೂ, ಅಷ್ಟಾಗಿ ಹೆಸರಿಲ್ಲದವು ಸತಾಯಿಸುವುದೂ ಇದಕ್ಕೇ. ವಿಂಡೋಸ್ 10ರಿಂದ ರೇಸಿಂಗ್ ವೀಲ್ ಅಂತಲೇ ಬೇರೆ ಏರ್ಪಾಡು ಬಂತು. ಅದರಲ್ಲಿ ಥ್ರಾಟಲ್, ಬ್ರೇಕ್, ಕ್ಲಚ್, ಹ್ಯಾಂಡ್‌ಬ್ರೇಕ್ ಎಲ್ಲಕ್ಕೂ ಅದರದೇ ಹೆಸರು, ಅಳತೆ 0.0ಯಿಂದ 1.0. ನನಗೆ ಕೇಳಿದರೆ ಇದು ಮೊದಲ ದಿನದಿಂದಲೇ ಹೀಗಿರಬೇಕಿತ್ತು. ಆದರೆ ನಿಮ್ಮಂಥ ಹಳೇ ಸೆಟ್, ಹಳೇ ಗೇಮ್‌ಗಳು ಎಕ್ಸ್ ವೈ ಝಡ್ ಲೋಕದಲ್ಲೇ ಇವೆ.

ಈಗ ನಿಮ್ಮ ದೊಡ್ಡ ತೊಂದರೆಗೆ ಬರೋಣ, ಎರಡೂ ಪೆಡಲ್ ತುಳಿದರೆ ಕಾರು ಸುಮ್ಮನಾಗುವುದು. ಇದಕ್ಕೆ ಕಂಬೈನ್ಡ್ ಪೆಡಲ್ ಅನ್ನುತ್ತಾರೆ, ಎರಡು ಪೆಡಲ್‌ಗಳನ್ನು ಒಂದೇ ಆಕ್ಸಿಸ್‌ಗೆ ಕಟ್ಟಿಹಾಕುವುದು.

ಇದರ ಹಿಂದೆ ಹಳೇ ಕಥೆ ಇದೆ. 1981ರ ಐಬಿಎಂ ಪಿಸಿಗೆ ಬಂದ ಗೇಮ್ ಕಾರ್ಡ್‌ನಲ್ಲಿ ಒಟ್ಟು ನಾಲ್ಕು ಆಕ್ಸಿಸ್, ನಾಲ್ಕು ಬಟನ್ ಇದ್ದವು, ಅದೂ ಎರಡು ಜಾಯ್‌ಸ್ಟಿಕ್‌ಗಳಿಗೆ ಹಂಚಿ. ಅಂದರೆ ಒಬ್ಬ ಆಟಗಾರನಿಗೆ ಎಕ್ಸ್ ಒಂದು, ವೈ ಒಂದು. ಕಾರಿನ ಗೇಮ್ ಬರೆದವರೂ ಅದನ್ನೇ ನಂಬಿಕೊಂಡರು. ಸ್ಟಿಕ್ ಎಡಬಲ ಆಡಿಸಿದರೆ ಸ್ಟೇರಿಂಗ್, ಮುಂದಕ್ಕೆ ತಳ್ಳಿದರೆ ಆಕ್ಸಿಲರೇಟರ್, ಹಿಂದಕ್ಕೆ ಎಳೆದರೆ ಬ್ರೇಕ್. ಆಮೇಲೆ ಪೆಡಲ್ ಇರುವ ಸ್ಟೇರಿಂಗ್‌ಗಳು ಬಂದಾಗ ಆ ಗೇಮ್‌ಗಳಲ್ಲೂ ಅವು ಓಡಬೇಕಲ್ಲ? ಅದಕ್ಕೆ ಎರಡು ಪೆಡಲ್‌ಗಳನ್ನು ಸೇರಿಸಿ ಒಂದು ವೈ ಆಕ್ಸಿಸ್ ಮಾಡಿದರು. ಒಂದು ಪೆಡಲ್ ನಂಬರನ್ನು ಮೇಲಕ್ಕೆ ಎಳೆಯುತ್ತದೆ, ಇನ್ನೊಂದು ಕೆಳಕ್ಕೆ. ಎರಡೂ ಬಿಟ್ಟರೆ ನಂಬರ್ ನಡುವಿಗೆ ಬಂದು ನಿಲ್ಲುತ್ತದೆ, ಥೇಟ್ ಜಾಯ್‌ಸ್ಟಿಕ್‌ನ ಹಾಗೆ.

ಲೆಕ್ಕ ಹಾಕಿ ನೋಡಿ, ಎಲ್ಲ ಬಿಚ್ಚಿಕೊಳ್ಳುತ್ತದೆ. ಲಾಜಿಟೆಕ್ ಸ್ಟೇರಿಂಗ್‌ಗಳಿಗೆ ಲಿನಕ್ಸ್ ಕರ್ನಲ್‌ನಲ್ಲಿ (ಲಿನಕ್ಸ್‌ನ ತಿರುಳಿನಲ್ಲಿ) ಇರುವ ಡ್ರೈವರ್, ನೀವು ಕಂಬೈನ್ಡ್ ಬೇಕು ಅಂತ ಕೇಳಿದಾಗ ಮಾಡುವ ಕೂಡು-ಕಳೆ ಇದು: 255ಕ್ಕೆ ಆಕ್ಸಿಲರೇಟರ್ ನಂಬರ್ ಕೂಡಿಸಿ, ಬ್ರೇಕ್ ನಂಬರ್ ಕಳೆದು, ಅರ್ಧ ಮಾಡು. ಕಾಲು ತೆಗೆದಾಗ ಎರಡೂ 255 ಇರುತ್ತವೆ ಅನ್ನುವುದನ್ನು ನೆನಪಿಟ್ಟುಕೊಳ್ಳಿ. 255 ಕೂಡಿಸು 255, ಕಳೆ 255, ಅದರ ಅರ್ಧ 127. ನಟ್ಟನಡುವೆ. ಆಕ್ಸಿಲರೇಟರ್ ಮಾತ್ರ ಪೂರ್ತಿ ತುಳಿದರೆ ಅದು 0 ಆಗುತ್ತದೆ, ಉತ್ತರವೂ 0. ಬ್ರೇಕ್ ಮಾತ್ರ ಪೂರ್ತಿ ತುಳಿದರೆ ಉತ್ತರ 255. ಈಗ ಎರಡನ್ನೂ ಪೂರ್ತಿ ತುಳಿಯಿರಿ. 255 ಕೂಡಿಸು 0, ಕಳೆ 0, ಅರ್ಧ ಮಾಡಿದರೆ ಮತ್ತೆ 127! ಎರಡೂ ಪೂರ್ತಿ ತುಳಿದದ್ದಕ್ಕೂ ಎರಡನ್ನೂ ಮುಟ್ಟದೇ ಇದ್ದದ್ದಕ್ಕೂ ಒಂದೇ ನಂಬರ್. ಎರಡನ್ನೂ ಅರ್ಧರ್ಧ ತುಳಿದರೂ ಅದೇ. ಗೇಮ್‌ಗೆ ಸಿಗುವುದು ಈ ಒಂದು ನಂಬರ್ ಮಾತ್ರ, ಅದರಿಂದ ಹಿಂದಕ್ಕೆ ಹೋಗಿ ಯಾವ ಪೆಡಲ್ ಎಷ್ಟು ಕೆಳಗಿದೆ ಅಂತ ಪತ್ತೆ ಮಾಡಲು ಯಾರಿಂದಲೂ ಆಗುವುದಿಲ್ಲ. ನಿಮ್ಮ ಕಾರು ಸುಮ್ಮನಾಗಿದ್ದು ಹೀಗೆ.

ರೇಸಿಂಗ್ ಗೇಮ್‌ನಲ್ಲಿ ಇದು ಸಣ್ಣ ನಷ್ಟವಲ್ಲ. ತಿರುವಿಗೆ ಬರುವಾಗ ಬಲಗಾಲಿನ ಮುಂಭಾಗದಲ್ಲಿ ಬ್ರೇಕ್ ಹಿಡಿದು, ಅದೇ ಪಾದದ ಹಿಮ್ಮಡಿಯಿಂದಲೋ ಅಂಚಿನಿಂದಲೋ ಆಕ್ಸಿಲರೇಟರ್ ಚೂರು ಕೊಟ್ಟು ಗೇರ್ ಇಳಿಸುತ್ತಾರಲ್ಲ, ಅದು ಕಂಬೈನ್ಡ್‌ನಲ್ಲಿ ಸಾಧ್ಯವೇ ಇಲ್ಲ. ಆಕ್ಸಿಲರೇಟರ್ ಕೊಟ್ಟಷ್ಟೂ ಬ್ರೇಕ್ ಸಡಿಲವಾಗುತ್ತದೆ. ಎಡಗಾಲಲ್ಲಿ ಬ್ರೇಕ್ ಹಿಡಿಯುವವರಿಗೂ ಇದೇ ಗತಿ.

ಇದು ಸ್ಟೇರಿಂಗ್‌ಗಳ ತೊಂದರೆ ಮಾತ್ರ ಅಂದುಕೊಳ್ಳಬೇಡಿ. 2005ರಲ್ಲಿ ಎಕ್ಸ್‌ಬಾಕ್ಸ್ 360 ಬಂದಿತಲ್ಲ, ಅದರ ಕಂಟ್ರೋಲರನ್ನು ಡೈರೆಕ್ಟ್‌ಇನ್‌ಪುಟ್ ಮೂಲಕ ಓದಿದರೆ ಎಡಬಲ ಟ್ರಿಗರ್‌ಗಳೆರಡೂ ಒಂದೇ ಝಡ್ ಆಕ್ಸಿಸ್‌ನಲ್ಲಿ ಬರುತ್ತವೆ. ಇದು ಬೇಕೆಂದೇ ಮಾಡಿದ್ದು ಅಂತ ಮೈಕ್ರೋಸಾಫ್ಟ್ ತನ್ನ ದಾಖಲೆಯಲ್ಲೇ ಬರೆದಿದೆ. ಯಾರೂ ಮುಟ್ಟದಿದ್ದಾಗ ಆಕ್ಸಿಸ್ ನಡುವೆ ಇರುತ್ತದೆ ಅಂತ ಹಳೇ ಗೇಮ್‌ಗಳು ನಂಬಿದ್ದವು. ಟ್ರಿಗರ್ ಬಿಟ್ಟಾಗ ನಂಬರ್ ತುದಿಯಲ್ಲಿದ್ದರೆ, ಆಟಗಾರ ಏನೋ ಒತ್ತಿ ಹಿಡಿದಿದ್ದಾನೆ ಅಂತ ಅವು ತಿಳಿದುಕೊಳ್ಳುತ್ತಿದ್ದವು. ಅದೇ ಕಂಟ್ರೋಲರನ್ನು ಮೈಕ್ರೋಸಾಫ್ಟ್‌ನ ಹೊಸ ಏರ್ಪಾಡಾದ ಎಕ್ಸ್‌ಇನ್‌ಪುಟ್ ಮೂಲಕ ಓದಿದರೆ ಎರಡು ಟ್ರಿಗರ್‌ಗೂ ಬೇರೆ ಬೇರೆ 0–255 ಸಿಗುತ್ತದೆ. ಎಕ್ಸ್‌ಇನ್‌ಪುಟ್‌ಗೆ ಹೊಂದುವ ಸ್ಟೇರಿಂಗ್‌ಗಳಲ್ಲಿ ಎಡ ಟ್ರಿಗರ್ ಜಾಗದಲ್ಲಿ ಬ್ರೇಕ್, ಬಲ ಟ್ರಿಗರ್ ಜಾಗದಲ್ಲಿ ಆಕ್ಸಿಲರೇಟರ್ ಬರುತ್ತದೆ. ಕ್ಲಚ್‌ಗೆ ಅಲ್ಲಿ ಮೂರನೇ ಟ್ರಿಗರ್ ಇಲ್ಲ, ಅಲ್ವಾ?

ಸರಿಮಾಡುವುದು ಹೇಗೆ? ವಿಂಡೋಸ್‌ನಲ್ಲಿ ಸ್ಟೇರಿಂಗ್ ಕಂಪನಿಯ ಸಾಫ್ಟ್‌ವೇರ್ ತೆರೆದು ಪೆಡಲ್‌ಗಳ ಸೆಟ್ಟಿಂಗ್‌ನಲ್ಲಿ ಕಂಬೈನ್ಡ್ ಪೆಡಲ್ಸ್ ಅಂತ ಇರುವುದನ್ನು ಆಫ್ ಮಾಡಿ. ಲಾಜಿಟೆಕ್‌ನ ಹಳೇ ಸಾಫ್ಟ್‌ವೇರ್‌ನಲ್ಲೂ ಹೊಸ ಜಿ ಹಬ್‌ನಲ್ಲೂ ಇದು ಇದೆ. ಲಿನಕ್ಸ್‌ನಲ್ಲಿ ಲಾಜಿಟೆಕ್ ಆದರೆ ಡ್ರೈವರ್ ತೋರಿಸುವ ಫೈಲ್‌ಗಳಲ್ಲಿ ಕಂಬೈನ್ ಪೆಡಲ್ಸ್ ಅಂತ ಒಂದಿರುತ್ತದೆ. ಅದರಲ್ಲಿ 0 ಇದ್ದರೆ ಬೇರೆ ಬೇರೆ, 1 ಇದ್ದರೆ ಆಕ್ಸಿಲರೇಟರ್ ಮತ್ತು ಬ್ರೇಕ್ ಸೇರಿದೆ, 2 ಇದ್ದರೆ ಆಕ್ಸಿಲರೇಟರ್ ಮತ್ತು ಕ್ಲಚ್ ಸೇರಿದೆ ಅಂತ ಅರ್ಥ. ಟರ್ಮಿನಲ್ ಬೇಡ ಅನ್ನಿಸಿದರೆ ಓವರ್‌ಸ್ಟಿಯರ್ ಅನ್ನುವ ಪ್ರೋಗ್ರಾಂ ಹಾಕಿಕೊಳ್ಳಿ, ಅಲ್ಲಿ ಮೌಸ್‌ನಿಂದಲೇ ಬದಲಾಯಿಸಬಹುದು. ಆಮೇಲೆ ಗೇಮ್‌ನೊಳಗೆ ಹೋಗಿ ಎರಡೂ ಪೆಡಲ್‌ಗಳನ್ನು ಮತ್ತೆ ಹೊಂದಿಸಬೇಕು, ಇದನ್ನು ಮರೆಯಬೇಡಿ. ಹಳೇ ಹೊಂದಾಣಿಕೆ ಆ ಒಂದೇ ಆಕ್ಸಿಸನ್ನು ಹಿಡಿದುಕೊಂಡಿರುತ್ತದೆ.

ಇಷ್ಟಾದರೂ ಬೇರೆಯಾಗದಿದ್ದರೆ ಇನ್ನೊಂದು ಸಾಧ್ಯತೆ ಇದೆ. ಜಿ27ರಂಥ ಸ್ಟೇರಿಂಗ್ ಸಿಕ್ಕಿಸಿದಾಗ ಮೊದಲು ತಾನು ಡ್ರೈವಿಂಗ್ ಫೋರ್ಸ್ ಅನ್ನುವ ಹಳೇ ಮಾದರಿ ಅಂತ ಹೇಳಿಕೊಳ್ಳುತ್ತದೆ. ಹಳೇ ಗೇಮ್‌ಗಳಿಗೆ ಹೊಂದಲಿ ಅಂತ ಮಾಡಿದ ವ್ಯವಸ್ಥೆ ಅದು. ಆ ವೇಷದಲ್ಲಿ ಸ್ಟೇರಿಂಗ್ 200 ಡಿಗ್ರಿ ಮಾತ್ರ, ಪೆಡಲ್ ಕಂಬೈನ್ಡ್, ಕ್ಲಚ್ ಇಲ್ಲವೇ ಇಲ್ಲ. ಡ್ರೈವರ್ ಒಂದು ಆಜ್ಞೆ ಕಳಿಸಿದಾಗ ಅದು ಯುಎಸ್‌ಬಿಯಿಂದ ಒಮ್ಮೆ ಬಿಟ್ಟುಹೋಗಿ, ಬೇರೆ ನಂಬರ್ ಹೊತ್ತು ತನ್ನ ನಿಜರೂಪದಲ್ಲಿ ವಾಪಸ್ ಬರುತ್ತದೆ. ನಿಮ್ಮ ಕ್ಲಚ್ ಪೆಡಲ್ ಎಲ್ಲೂ ಕಾಣಿಸುತ್ತಿಲ್ಲ, ಸ್ಟೇರಿಂಗೂ ಸ್ವಲ್ಪ ತಿರುಗಿಸಿದರೆ ಸಾಕು ಪೂರ್ತಿ ತಿರುಗಿದ ಹಾಗೆ ತೋರಿಸುತ್ತದೆ ಅಂತಾದರೆ, ಅದು ಇನ್ನೂ ವೇಷದಲ್ಲೇ ಇದೆ ಅಂತ ತಿಳಿಯಿರಿ. ಸರಿಯಾದ ಡ್ರೈವರ್ ಹಾಕಿದರೆ ಸಾಕು. ಥ್ರಸ್ಟ್‌ಮಾಸ್ಟರ್‌ನ ಕೆಲವು ಸ್ಟೇರಿಂಗ್‌ಗಳೂ ಹೀಗೇ ಒಂದು ಸಾಮಾನ್ಯ ಹೆಸರಿನಲ್ಲಿ ಬಂದು ಆಮೇಲೆ ಬದಲಾಗುತ್ತವೆ.

ಎರಡನೇ ತೊಂದರೆ, ಕಾಲಿಡದೆಯೇ ಎಂಜಿನ್ ಕಿರುಚುವುದು. ಯುಎಸ್‌ಬಿ ಕಂಟ್ರೋಲರ್ ಸಾಮಾನ್ಯವಾಗಿ ಏನಾದರೂ ಬದಲಾದಾಗ ಮಾತ್ರ ಹೊಸ ರಿಪೋರ್ಟ್ ಕಳಿಸುತ್ತದೆ. ಮೊದಲ ರಿಪೋರ್ಟ್ ಬರುವವರೆಗೆ ಕಂಪ್ಯೂಟರ್ ಹತ್ತಿರ ಇರುವುದು ಖಾಲಿ ಜಾಗ, ಖಾಲಿ ಅಂದರೆ 0. ಜಾಯ್‌ಸ್ಟಿಕ್‌ಗೆ ಇದರಿಂದ ದೊಡ್ಡ ತೊಂದರೆ ಇಲ್ಲ, ಯಾಕೆಂದರೆ ಗೇಮ್‌ಗಳು ಆಕ್ಸಿಸನ್ನು ಮೈನಸ್ 32768ರಿಂದ ಪ್ಲಸ್ 32767 ಅಂತ ಇಟ್ಟುಕೊಳ್ಳುವುದೇ ಹೆಚ್ಚು, ಅಲ್ಲಿ 0 ಅಂದರೆ ನಡು, ನಡು ಅಂದರೆ ಯಾರೂ ಮುಟ್ಟಿಲ್ಲ. ಅದೇ 0 ಪೆಡಲ್‌ಗೆ ಬಂದರೆ ಅರ್ಧ ತುಳಿದ ಹಾಗೆ. ನಿಮ್ಮದರಂತೆ 255ರಿಂದ 0ಗೆ ಇಳಿಯುವ ಪೆಡಲ್ ಆಗಿ, ಗೇಮ್ ಕಚ್ಚಾ ನಂಬರನ್ನೇ ಓದಿದರೆ 0 ಅಂದರೆ ಪೂರ್ತಿ ತುಳಿದ ಹಾಗೆ! ನೀವು ಒಂದು ಸಲ ತುಳಿದ ಕೂಡಲೇ ನಿಜವಾದ ನಂಬರ್ ಬರುತ್ತದೆ, ಎಂಜಿನ್ ಸುಮ್ಮನಾಗುತ್ತದೆ. ಬಹಳಷ್ಟು ಗೇಮ್‌ಗಳು ಬಳಸುವ ಎಸ್‌ಡಿಎಲ್ ಲೈಬ್ರರಿಯಲ್ಲಿ, ಆಕ್ಸಿಸ್ ಮೊದಲು ಯಾವ ನಂಬರ್‌ನಲ್ಲಿತ್ತು ಅಂತ ಕೇಳಲು ಪ್ರತ್ಯೇಕ ಫಂಕ್ಷನ್ನೇ ಸೇರಿಸಿದ್ದಾರೆ. ಗೇಮ್ ಬರೆಯುವವರು ಅದನ್ನು ಬಳಸಿದರೆ ಈ ಕಿರಿಕಿರಿ ಇರುವುದಿಲ್ಲ. ನಿಮಗೆ ಸದ್ಯಕ್ಕೆ ಮದ್ದು ಸುಲಭ. ಗೇಮ್ ತೆರೆದ ಮೇಲೆ ರೇಸ್ ಶುರುವಾಗುವ ಮೊದಲು ಮೂರೂ ಪೆಡಲ್‌ಗಳನ್ನು ತಳದವರೆಗೆ ಒಂದೊಂದು ಸಲ ತುಳಿದು ಬಿಡಿ.

ತಳದವರೆಗೆ ಅಂತ ಯಾಕೆ ಹೇಳಿದೆ ಅಂದರೆ ಅದರಿಂದ ಇನ್ನೊಂದು ಕೆಲಸವೂ ಆಗುತ್ತದೆ. ಎಷ್ಟೋ ಸೆಟ್‌ಗಳು ಆನ್ ಆದಾಗಲೆಲ್ಲ ಪೆಡಲ್‌ನ ಅಳತೆಯನ್ನು ಹೊಸದಾಗಿ ಕಲಿಯುತ್ತವೆ. ಸಿಕ್ಕಿಸಿದಾಗ ಇದ್ದ ಜಾಗವೇ ಶುರು, ಆಮೇಲೆ ಕಂಡ ಅತಿ ದೂರದ ಜಾಗವೇ ಕೊನೆ. ನನ್ನ ಅಕ್ಕನ ಮಗನ ಸೆಟ್‌ನಲ್ಲಿ ಒಂದು ಸಂಜೆ ಬ್ರೇಕ್ ಮೊದಲ ಮೂರನೇ ಒಂದು ಭಾಗದವರೆಗೆ ಹಿಡಿಯುತ್ತಲೇ ಇರಲಿಲ್ಲ. ಪೆಡಲ್ ಸೆಟ್ ಮಗುಚಿ, ಸ್ಕ್ರೂ ಎಲ್ಲ ಬಿಚ್ಚಿ, ಒಳಗಿನ ಧೂಳು ಒರೆಸಿ, ಮತ್ತೆ ಜೋಡಿಸಿದೆವು. ಏನೂ ಬದಲಾಗಲಿಲ್ಲ. ಕೊನೆಗೆ ನಂಬರ್ ನೋಡೋಣ ಅಂತ ಪರದೆ ತೆರೆದು, ಬ್ರೇಕನ್ನು ಕೈಯಲ್ಲೇ ನಿಧಾನವಾಗಿ ಒತ್ತಿದೆ. 255, 255, 255. ಪೆಡಲ್ ಎರಡು ಬೆರಳಿನಷ್ಟು ಕೆಳಗೆ ಹೋದ ಮೇಲೆ 254, 252, 249 ಅಂತ ಇಳಿಯಲು ಶುರುವಾಯಿತು. ಆಗ ಹೊಳೆಯಿತು. ಅವನು ಪೆಡಲ್ ಸೆಟ್ಟನ್ನು ಮೇಜಿನ ಕೆಳಗೆ ಒತ್ತರಿಸಿ ಇಡುತ್ತಿದ್ದ, ಬ್ರೇಕ್ ಮೇಜಿನ ಅಡ್ಡಪಟ್ಟಿಗೆ ತಾಗಿ ಸ್ವಲ್ಪ ಒತ್ತಿಕೊಂಡಿರುತ್ತಿತ್ತು, ಹಾಗೇ ಸಿಕ್ಕಿಸುತ್ತಿದ್ದ. ಸ್ಟೇರಿಂಗ್ ಆ ಒತ್ತಿದ ಜಾಗವನ್ನೇ ಕಾಲು ತೆಗೆದ ಜಾಗ ಅಂತ ಕಲಿತಿತ್ತು. ಸೆಟ್ಟನ್ನು ಈಚೆಗೆ ಎಳೆದು, ಕೇಬಲ್ ತೆಗೆದು ಮತ್ತೆ ಸಿಕ್ಕಿಸಿದೆವು, ಸರಿಹೋಯಿತು. ಸಿಕ್ಕಿಸುವಾಗ ಪೆಡಲ್ ಮೇಲೆ ಕಾಲಿಡಬೇಡಿ ಅಂತ ಕೆಲವು ಸೆಟ್‌ಗಳ ಕೈಪಿಡಿಯಲ್ಲಿ ಬರೆದಿರುವುದು ಇದಕ್ಕೇ.

ಮೂರನೆಯದು ಉಲ್ಟಾ ನಂಬರ್. ಇದರಲ್ಲಿ ತೊಂದರೆ ಏನೂ ಇಲ್ಲ, ಹಾಗೇ ಬಿಡಿ. ಜಾಯ್‌ಸ್ಟಿಕ್‌ನಲ್ಲಿ ಮುಂದಕ್ಕೆ ತಳ್ಳಿದರೆ ವೈ ನಂಬರ್ ಇಳಿಯುತ್ತದೆ. ಮುಂದಕ್ಕೆ ತಳ್ಳುವುದೇ ಆಕ್ಸಿಲರೇಟರ್ ಆಗಿತ್ತಲ್ಲ, ಆ ಪದ್ಧತಿ ಪೆಡಲ್‌ಗೂ ಬಂದಿದೆ ಅಂತ ನನ್ನ ಲೆಕ್ಕಾಚಾರ. ಡ್ರೈವರ್ ಇದನ್ನು ತಿರುಗಿಸಲು ಹೋಗದಿರುವುದೇ ಒಳ್ಳೆಯದು, ಕನಿಷ್ಠ 0, ಗರಿಷ್ಠ 255, ಈಗಿನದು ಇಷ್ಟು ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಅದರ ಕೆಲಸ ಮುಗಿಯಿತು. ಗೇಮ್‌ನಲ್ಲೂ ಉಲ್ಟಾ ಆದರೆ ಅಲ್ಲಿ ಇನ್ವರ್ಟ್ ಅಂತ ಇರುವುದನ್ನು ಆನ್ ಮಾಡಿ.

ನಾಲ್ಕನೆಯದು ನನಗೆ ಬಹಳ ಇಷ್ಟವಾದ ವಿಷಯ, ಪೆಡಲ್ ನಡುವೆ ಸತ್ತ ಹಾಗೆ ಆಗುವುದು. ಜಾಯ್‌ಸ್ಟಿಕ್ ಕೈಬಿಟ್ಟಾಗ ನಿಖರವಾಗಿ ನಡುವಿಗೆ ಬರುವುದಿಲ್ಲ, ಚೂರು ಆಚೀಚೆ ನಿಲ್ಲುತ್ತದೆ. ಅದಕ್ಕೆ ನಡುವಿನ ಸ್ವಲ್ಪ ಜಾಗವನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿರುವ ಪದ್ಧತಿ ಬಂತು, ಡೆಡ್ ಝೋನ್ ಅಂತ. ಲಿನಕ್ಸ್‌ನ ಎಚ್‌ಐಡಿ ಡ್ರೈವರ್, ತಾನು ಜಾಯ್‌ಸ್ಟಿಕ್ ಅಥವಾ ಗೇಮ್‌ಪ್ಯಾಡ್ ಅಂತ ಹೇಳಿಕೊಂಡ ಸಾಧನದ ಆಕ್ಸಿಸ್‌ಗಳಿಗೆ ಎರಡು ಅಂಕಿಗಳನ್ನು ತಾನಾಗಿ ಹಾಕುತ್ತದೆ. ಪೂರ್ತಿ ಅಳತೆಯ 16ರಲ್ಲಿ ಒಂದು ಭಾಗ ಫ್ಲ್ಯಾಟ್ (ಈ ಡೆಡ್ ಝೋನ್‌ನ ಅಳತೆ), 256ರಲ್ಲಿ ಒಂದು ಭಾಗ ಫಝ್ (ಲೆಕ್ಕಕ್ಕೆ ತಗೊಳ್ಳದ ಸಣ್ಣ ಅಲುಗಾಟದ ಅಳತೆ). ನಿಮ್ಮ 0–255 ಪೆಡಲ್‌ಗೆ ಫ್ಲ್ಯಾಟ್ 15 ಆಗುತ್ತದೆ, ಫಝ್ 0. ಹಳೇ ಜಾಯ್‌ಸ್ಟಿಕ್ ಇಂಟರ್‌ಫೇಸ್ ಬಳಸುವ ಗೇಮ್‌ಗಳಲ್ಲಿ ಈ 15ರಿಂದಾಗಿ 127ರ ಆಚೀಚೆ ಅಷ್ಟಷ್ಟು ದೂರ ಏನೂ ಬದಲಾಗುವುದಿಲ್ಲ. ನೀವು ಕಂಡ ಸತ್ತ ಜಾಗ ಬಹುಮಟ್ಟಿಗೆ ಇದೇ ಇರಬೇಕು. ಪೆಡಲ್‌ಗೆ ನಡುವೆ ಅನ್ನುವುದು ನಿಲ್ಲುವ ಜಾಗವೇ ಅಲ್ಲ, ಅದು ಅರ್ಧ ಬ್ರೇಕ್, ಜಾಸ್ತಿ ಸೂಕ್ಷ್ಮ ಬೇಕಾದ ಜಾಗ. ಹೊಸ ಗೇಮ್‌ಗಳು ಬಳಸುವ ಇವಿಡೆವ್ ಇಂಟರ್‌ಫೇಸ್‌ನಲ್ಲಿ ಕರ್ನಲ್ ಫ್ಲ್ಯಾಟನ್ನು ತಿಳಿಸಿ ಸುಮ್ಮನಿರುತ್ತದೆ, ತಾನೇ ಕತ್ತರಿಸುವುದಿಲ್ಲ. ಆದ್ದರಿಂದ ಹಳೇ ಗೇಮ್‌ನಲ್ಲಿ ಮಾತ್ರ ಹೀಗಾಗುತ್ತದೆ ಅಂತ ನೀವು ಬರೆದದ್ದು ಇದಕ್ಕೆ ತಾಳೆಯಾಗುತ್ತದೆ.

ಫಝ್ ಮಾತ್ರ ಬೇರೆ ತರಹ. ಅದನ್ನು ಕರ್ನಲ್ ತಾನೇ ಜಾರಿ ಮಾಡುತ್ತದೆ. ಸಣ್ಣ ಅಲುಗಾಟವನ್ನು ಬಿಟ್ಟುಬಿಡುತ್ತದೆ, ಸ್ವಲ್ಪ ದೊಡ್ಡದನ್ನು ಹಳೇ ನಂಬರ್‌ನೊಂದಿಗೆ ಬೆರೆಸಿ ಮೆತ್ತಗೆ ಮಾಡುತ್ತದೆ. ನಿಮ್ಮದಕ್ಕೆ 0 ಆದ್ದರಿಂದ ಬಚಾವ್. ಆದರೆ ಯಾರಾದರೂ 16 ಬಿಟ್‌ನ ದುಬಾರಿ ಪೆಡಲ್ ತಂದು ಸಿಕ್ಕಿಸಿದರೆ ಫಝ್ 255 ಆಗುತ್ತದೆ, ಅವರು ಯಾವುದಕ್ಕೆ ದುಡ್ಡು ಕೊಟ್ಟರೋ ಆ ಸೂಕ್ಷ್ಮವನ್ನೇ ಅದು ನುಂಗುತ್ತದೆ. ಇವಿಡೆವ್ ಜಾಯ್‌ಸ್ಟಿಕ್ ಅನ್ನುವ ಸಣ್ಣ ಪ್ರೋಗ್ರಾಂನಿಂದ ಎರಡನ್ನೂ 0 ಮಾಡಬಹುದು. ವಿಂಡೋಸ್‌ನ ಡೈರೆಕ್ಟ್‌ಇನ್‌ಪುಟ್ ಡೆಡ್ ಝೋನ್ ಕೂಡ ನಡುವಿನದೇ, ಅದನ್ನು ಗೇಮ್ ಇಡುತ್ತದೆ, ಗೇಮ್‌ನ ಸೆಟ್ಟಿಂಗ್‌ನಲ್ಲಿ 0 ಮಾಡಿ.

ಈಗ ನಿಮ್ಮ ಪೆಡಲ್ ನಿಜಕ್ಕೂ ಚೆನ್ನಾಗಿದೆಯಾ ಅಂತ ನೋಡುವುದು. ಗೇಮ್ ಮುಚ್ಚಿ. ವಿಂಡೋಸ್‌ನಲ್ಲಿ ರನ್ ಬಾಕ್ಸ್ ತೆರೆದು ಜಾಯ್ ಡಾಟ್ ಸಿಪಿಎಲ್ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದರೆ ಗೇಮ್ ಕಂಟ್ರೋಲರ್‌ಗಳ ಪಟ್ಟಿ ಬರುತ್ತದೆ, ಪ್ರಾಪರ್ಟೀಸ್ ಒತ್ತಿದರೆ ಆಕ್ಸಿಸ್‌ಗಳು ಏರಿಳಿಯುವುದು ಪರದೆಯ ಮೇಲೆ ಚಿತ್ರದಲ್ಲಿ ಕಾಣುತ್ತದೆ. ಲಿನಕ್ಸ್‌ನಲ್ಲಿ ಇವಿಟೆಸ್ಟ್ ಅನ್ನುವ ಪ್ರೋಗ್ರಾಂ ಓಡಿಸಿ, ಅಲ್ಲಿ ಚಿತ್ರದ ಬದಲು ನಂಬರ್‌ಗಳೇ ಸಿಗುತ್ತವೆ, ಅದೇ ವಾಸಿ. ಪೆಡಲನ್ನು ಹತ್ತು ಸೆಕೆಂಡ್ ತಗೊಂಡು, ಕಾಲಲ್ಲಿ ಬೇಡ, ಕೈಯಲ್ಲೇ ಒತ್ತುತ್ತಾ ಹೋಗಿ. ನಂಬರ್ ಒಂದೇ ದಿಕ್ಕಿಗೆ ಇಳಿಯುತ್ತಾ ಹೋದರೆ ಪೆಡಲ್ ಚೆನ್ನಾಗಿದೆ. 180, 178, 41, 175 ಅಂತ ನಡುವೆ ಎಲ್ಲಿಗೋ ಹಾರಿ ವಾಪಸ್ ಬಂದರೆ ಪೊಟೆನ್ಶಿಯೋಮೀಟರ್ ಒಳಗೆ ಕೊಳೆ ಕೂತಿದೆ ಅಥವಾ ಸವೆದಿದೆ. ಬಿಚ್ಚಿ ಎಲೆಕ್ಟ್ರಾನಿಕ್ಸ್‌ಗೆ ಅಂತಲೇ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪ ಹೊಡೆದು ಹತ್ತಿಪ್ಪತ್ತು ಸಲ ತಿರುಗಿಸಿ. ತುಕ್ಕು ಬಿಡಿಸುವ ಎಣ್ಣೆ ಬೇಡ, ಅದು ಒಳಗೆ ಜಿಡ್ಡು ಬಿಡುತ್ತದೆ. ಆಮೇಲೂ ಹಾರಿದರೆ ಅದೊಂದನ್ನೇ ಬದಲಾಯಿಸಿದರೆ ಸಾಕು. ಬೆಂಗಳೂರಿನಲ್ಲಿ ಇರುವವರಾದರೆ ಹಳೆಯದನ್ನು ಕಿಸೆಯಲ್ಲಿ ಹಾಕಿಕೊಂಡು ಎಸ್‌ಪಿ ರೋಡ್‌ಗೆ ಹೋಗಿ, ಅದರ ಮೈಮೇಲಿರುವ ಓಮ್ ಬೆಲೆ ಮತ್ತು ದಂಡದ ಅಳತೆ ಎರಡನ್ನೂ ತಾಳೆ ನೋಡಿ ತನ್ನಿ.

ಕೊನೆಗೆ ಲೋಡ್ ಸೆಲ್. ಪೊಟೆನ್ಶಿಯೋಮೀಟರ್ ಪೆಡಲ್ ಎಷ್ಟು ದೂರ ಹೋಯಿತು ಅಂತ ಅಳೆಯುತ್ತದೆ, ಲೋಡ್ ಸೆಲ್ ನೀವು ಎಷ್ಟು ಬಲ ಹಾಕಿದಿರಿ ಅಂತ ಅಳೆಯುತ್ತದೆ. ನಿಜವಾದ ಕಾರಿನ ಬ್ರೇಕ್‌ನಲ್ಲೂ ಕಾಲಿಗೆ ನೆನಪಿರುವುದು ಬಲವೇ, ಹಾಗಾಗಿ ಒಂದೇ ತಿರುವಿಗೆ ಒಂದೇ ರೀತಿ ಬ್ರೇಕ್ ಹಾಕುವುದು ಲೋಡ್ ಸೆಲ್‌ನಲ್ಲಿ ಸುಲಭ. ಈ ಒಂದು ಕಾರಣಕ್ಕೆ ತಗೊಳ್ಳುವುದಾದರೆ ಖಂಡಿತ ತಗೊಳ್ಳಿ. ಡಬ್ಬಿಯ ಮೇಲೆ 16 ಬಿಟ್ ಅಂತ ಬರೆದಿದೆ ಅನ್ನುವ ಕಾರಣಕ್ಕೆ ಬೇಡ. ಡ್ರೈವರ್ ತೋರಿಸುವ ಅಳತೆ ದೊಡ್ಡದಾದ ಮಾತ್ರಕ್ಕೆ ಹಿಂದಿನ ಸೆನ್ಸರ್ ಸೂಕ್ಷ್ಮವಾಗುವುದಿಲ್ಲ. ಮನೆಯಲ್ಲೇ ಪೆಡಲ್ ಮಾಡುವವರು ಬಳಸುವ ಆರ್ಡುಯಿನೋ ಲಿಯೋನಾರ್ಡೋ ಬೋರ್ಡ್ 10 ಬಿಟ್‌ನಲ್ಲಿ, ಅಂದರೆ 1024 ಹಂತಗಳಲ್ಲಿ ಓದುತ್ತದೆ. 270 ಡಿಗ್ರಿ ತಿರುಗುವ ಪೊಟೆನ್ಶಿಯೋಮೀಟರನ್ನು ಪೆಡಲ್‌ನ ಕೀಲಿಗೆ ನೇರವಾಗಿ ಜೋಡಿಸಿದರೆ, ಪೆಡಲ್ ತಿರುಗುವುದು 25 ಡಿಗ್ರಿ ಆದರೆ, ಸಿಗುವುದು ಸುಮಾರು 95 ಹಂತ. ಅದನ್ನು ಪ್ರೋಗ್ರಾಂನಲ್ಲಿ ಗುಣಿಸಿ 65535ಕ್ಕೆ ಹಿಗ್ಗಿಸಬಹುದು, ಆದರೆ ಹಾಲಿಗೆ ನೀರು ಸೇರಿಸಿದ ಹಾಗೆ, ಹಂತಗಳು ಅಷ್ಟೇ ಇರುತ್ತವೆ. ಕಂಪನಿ ಸೆಟ್‌ಗಳಲ್ಲಿ ನಡುವೆ ಹಲ್ಲುಚಕ್ರ ಇಟ್ಟಿರುವುದು ಈ 25 ಡಿಗ್ರಿಯನ್ನು ಹೆಚ್ಚಿಸಿಕೊಳ್ಳಲು.

ಇನ್ನು ಲೋಡ್ ಸೆಲ್ಲನ್ನು ನೀವೇ ಜೋಡಿಸುವ ಯೋಚನೆ ಇದ್ದರೆ ಎಚ್‌ಎಕ್ಸ್711 ಅನ್ನುವ ಅಗ್ಗದ ಬೋರ್ಡ್ ಸಿಗುತ್ತದೆ, 24 ಬಿಟ್. ತೂಕದ ಯಂತ್ರಕ್ಕೆ ಮಾಡಿದ ಚಿಪ್ ಅದು, ಸೆಕೆಂಡಿಗೆ 10 ಸಲ ಅಥವಾ 80 ಸಲ ಮಾತ್ರ ಅಳೆಯುತ್ತದೆ. ಗಂಟೆಗೆ 200 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ 55 ಮೀಟರ್ ಹೋಗುತ್ತದೆ. ಸೆಕೆಂಡಿಗೆ 10 ಸಲ ಅಂದರೆ ಎರಡು ಅಳತೆಗಳ ನಡುವೆ ಕಾರು ಐದೂವರೆ ಮೀಟರ್ ಹೋಗಿರುತ್ತದೆ, ಯುಎಸ್‌ಬಿ ಸೆಕೆಂಡಿಗೆ ಸಾವಿರ ಸಲ ಕೇಳಿದರೂ ಹಳೇ ನಂಬರೇ ಸಿಗುತ್ತದೆ. 80 ಸಲಕ್ಕೆ ಇಟ್ಟರೆ ಅದು 70 ಸೆಂಟಿಮೀಟರ್‌ಗೆ ಇಳಿಯುತ್ತದೆ. ಆ ಬೋರ್ಡ್‌ಗಳು ಸಾಮಾನ್ಯವಾಗಿ 10ಕ್ಕೇ ಇಟ್ಟು ಬಂದಿರುತ್ತವೆ, ಒಂದು ಪಿನ್‌ನ ಜೋಡಣೆ ಬದಲಾಯಿಸಿ 80 ಮಾಡಿಕೊಳ್ಳಬೇಕು.

ಲೋಡ್ ಸೆಲ್ ತಗೊಂಡರೆ ಕುರ್ಚಿಯ ಬಗ್ಗೆಯೂ ಯೋಚಿಸಿ. ಅದಕ್ಕೆ ಹಾಕುವ ಬಲಕ್ಕೆ ಚಕ್ರದ ಕುರ್ಚಿ ಹಿಂದಕ್ಕೆ ಓಡುತ್ತದೆ, ಪೆಡಲ್ ಸೆಟ್ ಮುಂದಕ್ಕೆ ಜಾರುತ್ತದೆ, ಕಾಲು ಹಾಕಿದ ಬಲ ಸೆನ್ಸರ್‌ಗೆ ಮುಟ್ಟುವುದೇ ಇಲ್ಲ. ಚಕ್ರವಿಲ್ಲದ ಕುರ್ಚಿಯನ್ನು ಗೋಡೆಗೆ ಒತ್ತಿ ಹಾಕಿ, ಪೆಡಲ್ ಸೆಟ್‌ನ ಮುಂದೆ ಒಂದು ಮರದ ಪಟ್ಟಿ ಬಡಿದು ತಡೆ ಕೊಡಿ.